ಮನೆ ಜೀಪಿಗೆ ಟ್ರೈಲರ್: ಏರಿಗಿಂತ ಇಳಿಜಾರು ಕಷ್ಟ

ಹುಲ್ಲು, ಗೊಬ್ಬರ ಸಾಗಿಸಲು ಮನೆಯ ಬೊಲೆರೊಗೇ ಎರಡು ಚಕ್ರದ ಟ್ರೈಲರ್ ಕಟ್ಟೋಣ ಅನ್ನುವವರಿಗೆ ಈ ಮಾತು. ಕಾಪುವಿನಿಂದ ಉಡುಪಿಗೆ ಹೆದ್ದಾರಿ ಸಪಾಟು. ಬಯಲುಸೀಮೆಯ ನನಗೆ ಹಿಂದೆ ಭಾರ ಇದೆಯೆಂದೇ ಅನಿಸಲಿಲ್ಲ. ಮಣಿಪಾಲದ ಏರನ್ನೂ ಎರಡನೇ ಗೇರಲ್ಲಿ ಹತ್ತಿತು. ಪರೀಕ್ಷೆ ಇರೋದು ಇಳಿಯುವಾಗ. ಬ್ರೇಕಿಲ್ಲದ ಟ್ರೈಲರ್ ಜೀಪನ್ನು ಹಿಂದಿನಿಂದ ನೂಕುತ್ತದೆ. ನ್ಯೂಟ್ರಲ್ ಬೇಡವೇ ಬೇಡ. ಹತ್ತಿದ ಗೇರಲ್ಲೇ ಇಳಿಯಿರಿ. ಕಾರ್ಕಳದ ಕಡೆಯ ತಿರುವುಗಳಲ್ಲಂತೂ ನಿಧಾನವೇ ಕ್ಷೇಮ.

ಹೇರುವಾಗ ಎತ್ತಿನ ಗಾಡಿಯ ಲೆಕ್ಕವೇ: ಹಿಂಭಾರವಾದರೆ ಮೂಕಿ ಏಳುತ್ತೆ. ಟ್ರೈಲರೂ ಹಾಗೇ, ಬಾಲ ಆಡಿಸಿ ಜೀಪನ್ನೇ ಎಳೆದಾಡುತ್ತೆ. ಟ್ರೈಲರ್ ಸೇರಿ ಒಟ್ಟು 500 ಕಿಲೋ ಇದ್ದರೆ ಕೊಕ್ಕೆಯ ಮೇಲೆ ಸುಮಾರು 50 ಕಿಲೋ ಕೂರಬೇಕು. ಟ್ರೈಲರಿಗೂ ಆರ್.ಟಿ.ಓ. ನೋಂದಣಿ ಬೇಕು. ಹುಲ್ಲಿನ ಮೇಲೆ ಆಳುಗಳನ್ನು ಮಾತ್ರ ಕೂರಿಸಬೇಡಿ.