ಮನೆಯ ಸರ್ವರ್ ಬಿಸಿಯೇರುವುದೇಕೆ?

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ದಿನ ಅತ್ತ ಹೈದರಾಬಾದ್ ರಾಜ್ಯ ಒಡೆದು, ಬೀದರ ಜಿಲ್ಲೆಯಲ್ಲಿದ್ದ ಉದಗೀರ ಮತ್ತು ನಿಲಂಗಾ ತಾಲೂಕುಗಳು ಮುಂಬಯಿ ರಾಜ್ಯದ ಪಾಲಾದವು. ಇಂದು ಅವೆರಡೂ ಮಹಾರಾಷ್ಟ್ರದ ಲಾತೂರ ಜಿಲ್ಲೆಯಲ್ಲಿವೆ. ನೆರೆಯ ಉಮರ್ಗಾ ಧಾರಾಶಿವ ಜಿಲ್ಲೆಯಲ್ಲಿದೆ. ಬೀದರದಿಂದ ಭಾಲ್ಕಿ, ಕಮಲನಗರಗಳನ್ನು ಹಾದು ಉದಗೀರಕ್ಕೆ ಹೋಗುವ ರೈಲು ಹಳಿ ಇಂದಿಗೂ ಒಂದೇ, ರಾಜ್ಯ ಮಾತ್ರ ಬೇರೆ.

ಆ ಗಡಿಯ ಕನ್ನಡ ಮನೆಗಳ ಪಾಡನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಶಾಲೆಯ ಮಾತು ಒಂದು, ಅಡುಗೆಮನೆಯ ಮಾತು ಇನ್ನೊಂದು. ಇಂಥ ಮನೆಗಳಲ್ಲಿ ಹಳೆಯ ಕನ್ನಡ ಚಲನಚಿತ್ರ, ವಚನಗಾಯನ, ಮದುವೆ-ಜಾತ್ರೆಗಳ ವಿಡಿಯೋ, ನಮ್ಮಲ್ಲಾದರೆ ಯಕ್ಷಗಾನದ ವಿ.ಸಿ.ಡಿ.ಗಳು, ಬರಿಯ ಮನರಂಜನೆಯಲ್ಲ. ಮಕ್ಕಳ ಕಿವಿಗೆ ಕನ್ನಡ ಬೀಳುವ ದಾರಿಯೂ ಹೌದು. ಅವನ್ನೆಲ್ಲ ಒಂದು ಹಳೆಯ ಕಂಪ್ಯೂಟರಿಗೆ ತುಂಬಿ, ಜೆಲ್ಲಿಫಿನ್ ಅಥವಾ ಪ್ಲೆಕ್ಸ್ ಎಂಬ ತಂತ್ರಾಂಶದ ಮೂಲಕ ಟಿ.ವಿ.ಗೂ ಮೊಬೈಲಿಗೂ ಹಂಚುವ ಏರ್ಪಾಡಿಗೆ ಮೀಡಿಯಾ ಸರ್ವರ್ ಎಂದು ಹೆಸರು.

ತೊಂದರೆ ಬರುವುದು ಇಬ್ಬರು ಒಟ್ಟಿಗೆ ನೋಡತೊಡಗಿದಾಗ. ಅಜ್ಜಿಗೆ ಟಿ.ವಿ.ಯಲ್ಲಿ ಒಂದು ಚಿತ್ರ, ಮೊಮ್ಮಗನಿಗೆ ಮೊಬೈಲಿನಲ್ಲಿ ಇನ್ನೊಂದು. ಪೆಟ್ಟಿಗೆಯ ಫ್ಯಾನು ಬೊಬ್ಬಿಡುತ್ತದೆ, ಪ್ರೊಸೆಸರಿನ ಬಳಕೆ ನೂರು ಶೇಕಡಕ್ಕೆ ಏರುತ್ತದೆ, ಚಿತ್ರ ನಿಂತು ನಿಂತು ಓಡುತ್ತದೆ. ಎರಡು ಸಲ ತಡೆದರೆ ಮಗು ಮೂರನೆಯ ಸಲ ಕಾಯುವುದಿಲ್ಲ. ಕೈಗೆ ಸಿಕ್ಕ ಮರಾಠಿ ಅಥವಾ ಹಿಂದಿ ವಾಹಿನಿಗೆ ಹೋಗಿಬಿಡುತ್ತದೆ. 'ಯಂತ್ರ ಹಳತಾಯಿತು, ಹೊಸದು ಕೊಳ್ಳಿ' ಎನ್ನುವವರು ಬೇಕಾದಷ್ಟು ಮಂದಿ ಸಿಗುತ್ತಾರೆ. ದುಡ್ಡು ಬಿಚ್ಚುವ ಮೊದಲು ಕಾರಣ ಹುಡುಕುವುದು ಲೇಸು.

ಫೈಲನ್ನು ಇದ್ದಂತೆಯೇ ಕಳುಹಿಸುವುದು ಪ್ರೊಸೆಸರಿಗೆ ಒಂದು ಕೆಲಸವೇ ಅಲ್ಲ. ಅಂಚೆಯವನು ಕಾಗದ ತಂದು ಕೊಟ್ಟಂತೆ ಅಷ್ಟೆ. ಆದರೆ ನೋಡುವ ಸಾಧನಕ್ಕೆ ಆ ಫೈಲಿನ ರೂಪ ಅರ್ಥವಾಗದಿದ್ದರೆ, ಸರ್ವರ್ ಚಿತ್ರವನ್ನು ಬಿಚ್ಚಿ, ಬೇರೆ ರೂಪದಲ್ಲಿ ಕಟ್ಟಿ, ಆಗಿಂದಾಗಲೇ ಕಳುಹಿಸಬೇಕು. ಅಂಚೆಯವನೇ ಲಕೋಟೆ ಒಡೆದು, ಕಾಗದವನ್ನು ತರ್ಜುಮೆ ಮಾಡಿ, ಮತ್ತೆ ಅಂಟಿಸಿ ಕೊಟ್ಟ ಹಾಗೆ. ಇದೇ ಟ್ರಾನ್ಸ್‌ಕೋಡಿಂಗ್. ಚಿತ್ರ ಓಡುತ್ತಿರುವಾಗ ಜೆಲ್ಲಿಫಿನ್ನಿನ ಡ್ಯಾಶ್‌ಬೋರ್ಡ್ ತೆರೆದು ನೋಡಿದರೆ, ಯಾವ ಚಿತ್ರ ನೇರವಾಗಿ ಹೋಗುತ್ತಿದೆ, ಯಾವುದು ತರ್ಜುಮೆಯಾಗುತ್ತಿದೆ ಎಂಬುದು ಕಾಣುತ್ತದೆ. ತರ್ಜುಮೆಯ ಕಾರಣವೂ ಅಲ್ಲೇ ಸಿಗುತ್ತದೆ. ಕಂಪ್ಯೂಟರಿನಲ್ಲಿ ಓಡುತ್ತಿರುವ ಕೆಲಸಗಳ ಪಟ್ಟಿಯಲ್ಲಿ 'ಎಫ್‌ಎಫ್‌ಎಂಪೆಗ್' ಮೇಲೆ ನಿಂತಿದ್ದರೆ, ದುಡಿಯುತ್ತಿರುವವನು ಅವನೇ.

ಹಳೆಯ ಡಿಸ್ಕುಗಳನ್ನೇ ದೂರುವುದು ವಾಡಿಕೆ. ಅದು ಪೂರ್ತಿ ಸರಿಯಲ್ಲ. ವಿ.ಸಿ.ಡಿ.ಯ ಚಿತ್ರ 352×288 ಚುಕ್ಕಿಗಳದ್ದು, ಡಿ.ವಿ.ಡಿ.ಯದು 720×576. ಅವುಗಳ ಎಂಪೆಗ್-1, ಎಂಪೆಗ್-2 ರೂಪಗಳನ್ನು ಇಂದಿನ ಬ್ರೌಸರುಗಳು ಸಾಮಾನ್ಯವಾಗಿ ಒಪ್ಪುವುದಿಲ್ಲವಾದರೂ, ತರ್ಜುಮೆಯ ಹೊರೆ ಹಗುರ. ಭಾರವಿರುವುದು ಮೊನ್ನೆಯ ಮದುವೆಯಲ್ಲಿ ಹೊಸ ಮೊಬೈಲಿನಿಂದ ತೆಗೆದ 4ಕೆ ಚಿತ್ರದಲ್ಲಿ. 3840×2160 ಎಂದರೆ ಡಿ.ವಿ.ಡಿ.ಯ 20 ಪಟ್ಟು ಚುಕ್ಕಿಗಳು. ಅದರ ಮೇಲೆ ಎಚ್‌ಇವಿಸಿ ಎಂಬ ಬಿಗಿಯಾದ ಕಟ್ಟು. ಹಳೆಯ ಪ್ರೊಸೆಸರ್ ಅಲ್ಲಿ ಸೋಲುತ್ತದೆ.

ಬಹಳ ಮಂದಿಯ ಗಮನಕ್ಕೆ ಬಾರದ ಕಾರಣವೊಂದುಂಟು: ಉಪಶೀರ್ಷಿಕೆ. ಸೊಸೆ ಮರಾಠಿ ಮನೆಯವಳಾದರೆ, ನಮ್ಮಲ್ಲಿ ಮಲಯಾಳಿ ಮನೆಯವಳಾದರೆ, ಕನ್ನಡ ಚಿತ್ರದ ಕೆಳಗೆ ಅಕ್ಷರ ಬೇಕೇ ಬೇಕು. ಡಿ.ವಿ.ಡಿ.ಯ ಉಪಶೀರ್ಷಿಕೆಗಳು ಅಕ್ಷರಗಳಲ್ಲ, ಅಕ್ಷರದ ಚಿತ್ರಗಳು. ಟಿ.ವಿ. ಅವನ್ನು ತಾನೇ ತೋರಿಸಲಾರದೆ ಹೋದರೆ, ಸರ್ವರ್ ಅವನ್ನು ಪ್ರತಿಯೊಂದು ಚಿತ್ರಚೌಕಟ್ಟಿನ ಮೇಲೂ ಅಚ್ಚೊತ್ತಬೇಕು. ಆಗ, ಇಲ್ಲವಾದರೆ ನೇರವಾಗಿ ಹೋಗುತ್ತಿದ್ದ ಫೈಲು ಕೂಡ ಪೂರ್ತಿ ಮರುಕಟ್ಟಣೆಗೆ ಒಳಗಾಗುತ್ತದೆ. ಪರೀಕ್ಷೆ ಸುಲಭ. ಉಪಶೀರ್ಷಿಕೆ ನಿಲ್ಲಿಸಿ ನೋಡಿ. ಪ್ರೊಸೆಸರ್ ತಣ್ಣಗಾದರೆ ಕಳ್ಳ ಸಿಕ್ಕಂತೆ. ಎಸ್‌ಆರ್‌ಟಿ ಎಂಬ ಪಠ್ಯರೂಪದ ಉಪಶೀರ್ಷಿಕೆಯನ್ನು, ಯೂನಿಕೋಡಿನ ಯುಟಿಎಫ್-8ರಲ್ಲಿ, ಚಿತ್ರದ ಹೆಸರಿನಲ್ಲೇ ಪಕ್ಕದಲ್ಲಿಟ್ಟರೆ ಸಾಮಾನ್ಯವಾಗಿ ಟಿ.ವಿ.ಯೇ ಅದನ್ನು ಬರೆದುಕೊಳ್ಳುತ್ತದೆ. ಕನ್ನಡ ಒತ್ತಕ್ಷರಗಳ ಜಾಗದಲ್ಲಿ ಬರಿಯ ಚೌಕಗಳು ಕಂಡರೆ, ಅಚ್ಚೊತ್ತಲು ಸರ್ವರಿಗೆ ಹೇಳುವ ಮೊದಲು ಬೇರೆ ಆ್ಯಪ್‌ನಲ್ಲಿ ನೋಡುವುದು ಮೇಲು.

ಸಾಧನದಲ್ಲಿ ಚಿತ್ರದ ಗುಣಮಟ್ಟವನ್ನು ಯಾರಾದರೂ ಇಳಿಸಿಟ್ಟಿದ್ದರೂ ಇದೇ ಫಲ. ಮನೆಯೊಳಗಿನ ವೈಫೈಗೆ 'ಗರಿಷ್ಠ' ಎಂದಿಡಬೇಕು. ಪುಣೆಯಲ್ಲಿರುವ ಮಗ ಅಲ್ಲಿಂದಲೇ ನೋಡುವುದಾದರೆ ಇಳಿಸದೆ ಗತಿಯಿರಲಾರದು.

ಯಾರೂ ನೋಡದಿರುವಾಗಲೂ ಫ್ಯಾನು ಕೂಗಿದರೆ? ಹೊಸ ಫೈಲು ಹಾಕಿದ ಮೇಲೆ ಸರ್ವರ್ ಪಟ್ಟಿ ಮಾಡುತ್ತದೆ, ಅಧ್ಯಾಯಗಳ ಚಿಕ್ಕ ಚಿತ್ರಗಳನ್ನು ತೆಗೆಯುತ್ತದೆ. ಆ ಕೆಲಸಗಳನ್ನು ನಿಗದಿತ ಕೆಲಸಗಳ ಪಟ್ಟಿಯಲ್ಲಿ ರಾತ್ರಿ 2 ಗಂಟೆಗೆ ತಳ್ಳಬಹುದು, ಬೇಡವಾದರೆ ನಿಲ್ಲಿಸಲೂಬಹುದು. ದಿನಗಟ್ಟಲೆ ಮುಗಿಯದಿದ್ದರೆ, ಗೀರುಬಿದ್ದ ಡಿಸ್ಕಿನಿಂದ ಅರೆಬರೆ ನಕಲಾದ ಯಾವುದೋ ಫೈಲಿನಲ್ಲಿ ಅದು ಸಿಕ್ಕಿಕೊಂಡಿರಬಹುದು. ಲಾಗ್ ಪುಟದಲ್ಲಿ ಹೆಸರು ನೋಡಿ ಆ ಫೈಲನ್ನು ಬೇರೆಡೆಗೆ ಸರಿಸಿ.

ತರ್ಜುಮೆ ತಪ್ಪದಿದ್ದರೆ ಅದಕ್ಕೆಂದೇ ಇರುವ ಭಾಗವನ್ನು ದುಡಿಸಬೇಕು. 2011ರಿಂದ ಬಂದ ಅನೇಕ ಇಂಟೆಲ್ ಪ್ರೊಸೆಸರುಗಳಲ್ಲಿ ಕ್ವಿಕ್ ಸಿಂಕ್ ಎಂಬ ವಿಡಿಯೋ ಭಾಗವುಂಟು. 10 ಬಿಟ್ ಎಚ್‌ಇವಿಸಿಗೆ 7ನೆಯ ಪೀಳಿಗೆಯಾದರೂ ಬೇಕು. ಜೆಲ್ಲಿಫಿನ್ನಿನಲ್ಲಿ ಇದು ಉಚಿತ, ಪ್ಲೆಕ್ಸಿನಲ್ಲಿ ಹಣ ತೆರಬೇಕು. ಲಿನಕ್ಸಿನಲ್ಲಾದರೆ ಜೆಲ್ಲಿಫಿನ್ನಿನ ಖಾತೆಯನ್ನು 'ರೆಂಡರ್' ಗುಂಪಿಗೆ ಸೇರಿಸದೆ ಆ ಭಾಗ ಕೈಗೆ ಸಿಗದಿರಬಹುದು.

ಇದಕ್ಕಿಂತಲೂ ಅಗ್ಗದ ದಾರಿ ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶ. ರಾತ್ರಿಯಿಡೀ ಓಡಿಸಿ, ತೊಂದರೆ ಕೊಡುವ ಫೈಲುಗಳನ್ನಷ್ಟೇ ಎಚ್.264 ಚಿತ್ರ, ಎಎಸಿ ಧ್ವನಿಯ ಎಂಪಿ4 ಆಗಿ ಒಮ್ಮೆ ಮಾಡಿಟ್ಟರೆ ದಿನದಿನದ ತರ್ಜುಮೆ ತಪ್ಪುತ್ತದೆ. ಆದರೆ ಮೂಲ ಫೈಲನ್ನು ಅಳಿಸಕೂಡದು. ಪ್ರತಿ ಮರುಕಟ್ಟಣೆಯಲ್ಲೂ ಚಿತ್ರ ಸ್ವಲ್ಪ ಸವೆಯುತ್ತದೆ. ಹೆಸರಾಂತ ಚಿತ್ರದ ಇನ್ನೊಂದು ಪ್ರತಿ ಎಲ್ಲಾದರೂ ಸಿಕ್ಕೀತು. ಉದಗೀರದ ಅಂಗಳದಲ್ಲಿ ಅಜ್ಜಿ ಹಾಡಿದ ಸೋಬಾನೆಯ ಡಿಸ್ಕು ಆ ಮನೆಯ ಹೊರತು ಬೇರೆಲ್ಲೂ ಇರದು. ಅದಕ್ಕೆಂದೇ ಒಂದು ಹೊರ ಡಿಸ್ಕನ್ನು ಕೊಂಡು ಮೂಲಗಳನ್ನು ನಕಲಿಸಿ, ಮೇಲೆ ಊರು, ವರ್ಷ, ಹಾಡಿದವರ ಹೆಸರು ಬರೆದು ಕಪಾಟಿನಲ್ಲಿಡಿ.