ಅಡಿಹಾಳೆಗೆ ಒಪ್ಪುವ ಬ್ಲೇಡು

ಬೆಂಗಳೂರಿನ ಕಾಟನ್‌ಪೇಟೆ ಬಿಟ್ಟು ಚಾಮರಾಜಪೇಟೆ ದಾಟಿ ಬಸವನಗುಡಿ ಕಡೆ ಹೊರಟರೆ, ಅಪಾರ್ಟ್‌ಮೆಂಟುಗಳ ನಡುವೆ ಅಳಿದುಳಿದ ಹಳೇ ಬಂಗಲೆಯೊಂದು ಸಿಕ್ಕೀತು. ಅದರ ಸೂರಿನಂಚನ್ನು ಕತ್ತೆತ್ತಿ ನೋಡಬೇಕು. ಮರದ ಪಟ್ಟಿಯುದ್ದಕ್ಕೂ ಒಂದೇ ಹೂವು, ಒಂದೇ ಬಳುಕು, ಮತ್ತೆ ಮತ್ತೆ. ಬೆಂಗಳೂರು ‘ಮಂಕಿ ಟಾಪ್’ ಎಂದು ಕರೆದ ಮೊನಚು ಸೂರಿನ ಒಡನಾಡಿ ಈ ಕೊರೆತ. 1892ರಲ್ಲಿ ಚಾಮರಾಜಪೇಟೆ ಎದ್ದಿತು. 1898ರ ಪ್ಲೇಗಿಗೆ ಬೆದರಿದ ಹಳೇ ಪೇಟೆಯ ಜನ ಬಸವನಗುಡಿ, ಮಲ್ಲೇಶ್ವರಗಳಿಗೆ ಹೋದರು. ಊರಿನ ಇಂಥ ಬಂಗಲೆಗಳನ್ನು ಜಾನೆಟ್ ಪಾಟ್ ರೇಖೆಗಳಲ್ಲಿ ಹಿಡಿದು 1977ರಲ್ಲಿ ಪುಸ್ತಕ ಮಾಡಿದ್ದು ನಮ್ಮ ಪುಣ್ಯ.

ಒಂದೇ ನಮೂನೆ ಹತ್ತಾರು ಬೇಕಾದಾಗ ತೆಳು ಹಲಗೆಗಳನ್ನು ಪೇರಿಸಿ ಒಟ್ಟಿಗೆ ಕೊಯ್ಯುವುದು ಹಳೆಯ ಉಪಾಯ. ಪ್ಯಾರಿಸ್ಸಿನ ಪೀಠೋಪಕರಣ ಕುಶಲಕರ್ಮಿ ಆಂದ್ರೆ ಶಾರ್ಲ್ ಬೂಲ್ (1642–1732) ಹಿತ್ತಾಳೆ ತಗಡನ್ನೂ ಆಮೆಚಿಪ್ಪನ್ನೂ ಜೋಡಿಸಿಟ್ಟು ಕೊರೆದ. ಹಿತ್ತಾಳೆಯ ಹೂವು ಚಿಪ್ಪಿನೊಳಗೆ, ಚಿಪ್ಪಿನ ಹೂವು ಹಿತ್ತಾಳೆಯೊಳಗೆ ಕೂತವು. ಮೈಸೂರಿನ ಬೀಟೆ ಮರದ ಇನ್‌ಲೇ ಕೆಲಸಕ್ಕೂ ಕೂದಲಂಥ ಬ್ಲೇಡೇ ಜೀವ. 19ನೇ ಶತಮಾನದಲ್ಲಿ ಕಾಲಲ್ಲಿ ತುಳಿಯುವ ಗರಗಸದ ಯಂತ್ರ ಬಂತು. ಇಂಗ್ಲೆಂಡಿನ ‘ಹಾಬೀಸ್’ ಕಂಪನಿ 1895ರಿಂದ ವಾರಪತ್ರಿಕೆಯನ್ನೇ ಹೊರಡಿಸಿ ಮನೆಮನೆಗೆ ನಮೂನೆ ತಲುಪಿಸಿತು. ಈಗಿನ ಸ್ಕ್ರೋಲ್ ಸಾ ಆ ತುಳಿಯುವ ಯಂತ್ರದ್ದೇ ವಂಶ. ಕಾಲು ಹೋಗಿ ಮೋಟಾರು ಬಂದಿದೆ, ಅಷ್ಟೇ.

ಹೀಗೆ ಹಾಳೆಗಳನ್ನು ಪೇರಿಸಿ ಕೊಯ್ಯುವಾಗ ಹಲವರು ಎಡವುವುದು ಬ್ಲೇಡಿನ ಆಯ್ಕೆಯಲ್ಲಿ. ನಮೂನೆ ನಾಜೂಕಾಗಿದೆಯೆಂದು ಅತಿ ಸಣ್ಣ ಬ್ಲೇಡು ಹಾಕುತ್ತಾರೆ. ಮೇಲಿನ ಹಾಳೆ ಚೆಂದ ಬರುತ್ತದೆ. ಒಳಗೆ ಬ್ಲೇಡು ಬಾಗಿ, ಅಡಿಹಾಳೆಯ ಹೂವು ಸೊಟ್ಟಗಾಗುತ್ತದೆ. ಪೇರಿಸಿದ ಮೇಲೆ ಅದು ಹಾಳೆಯಲ್ಲ, ದಪ್ಪ ಮರ. ಆ ದಪ್ಪವನ್ನು ನೋಡಿಯೇ ಬ್ಲೇಡು ಆರಿಸಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ನಂಬರು ಏರಿದಂತೆ ಬ್ಲೇಡು ಅಗಲ, ಹಲ್ಲು ವಿರಳ. 3 ಮಿ.ಮೀ. ಪ್ಲೈವುಡ್ ಎರಡು ಮೂರು ಪದರವಿದ್ದರೆ 3 ಅಥವಾ 5ನೇ ನಂಬರು ಸಾಕು. ಆರು ಪದರ ಸೇರಿ 18 ಮಿ.ಮೀ. ಆಯಿತೆಂದರೆ 7 ಅಥವಾ 9 ಬೇಕು. ಮರದೊಳಗೆ ಸದಾ ಮೂರು ಹಲ್ಲಾದರೂ ಇರಲಿ. ನಡುನಡುವೆ ಹಲ್ಲು ಬಿಟ್ಟ ‘ಸ್ಕಿಪ್ ಟೂತ್’ ಬ್ಲೇಡು ದಪ್ಪ ಪೇರಿಕೆಗೆ ಒಗ್ಗುತ್ತದೆ. ಆ ಸಂದಿನಿಂದ ಮರದ ಪುಡಿ ಹೊರಬೀಳದಿದ್ದರೆ ಬ್ಲೇಡು ಕಾದು ಮರ ಕಪ್ಪಾಗುತ್ತದೆ. ಕೆಳತುದಿಯ ಕೆಲವು ಹಲ್ಲುಗಳು ಮೇಲ್ಮುಖವಾಗಿರುವ ‘ರಿವರ್ಸ್ ಟೂತ್’ ಬ್ಲೇಡು ಅಡಿಹಾಳೆಯ ಸಿಬಿರು ಏಳದಂತೆ ಕಾಯುತ್ತದೆ. ಸ್ಪೈರಲ್ ಬ್ಲೇಡಿನ ಕೊಯ್ತ ಅಗಲ, ಗೆರೆ ಹಿಡಿಯುವುದು ಕಷ್ಟ. ಪೇರಿಕೆಗೆ ಅದು ಬೇಡ.

ಅಂಚಿನ ತ್ಯಾಜ್ಯ ಭಾಗದಲ್ಲಿ ಸಣ್ಣ ಮೊಳೆ ಹೊಡೆದೋ, ಎರಡೂ ಕಡೆ ಅಂಟುವ ಟೇಪು ಹಾಕಿಯೋ ಹಾಳೆಗಳನ್ನು ಬಿಗಿಯಬೇಕು. ಮೇಜು ಬ್ಲೇಡಿಗೆ ಸರಿಯಾಗಿ 90 ಡಿಗ್ರಿ ಇದೆಯೇ ಎಂದು ಮೂಲೆಮಟ್ಟ ಹಿಡಿದು ನೋಡಿ, ಬ್ಲೇಡನ್ನು ಬಿಗಿ ಮಾಡಿ. ಆಮೇಲೆ ಅವಸರಪಡದೆ, ಮರವನ್ನು ಒತ್ತದೆ ತಳ್ಳಿ. ಒಳಗಿನ ತೂತುಗಳನ್ನು ಮೊದಲು ಕೊರೆದು, ಹೊರಗಿನ ಸುತ್ತನ್ನು ಕೊನೆಗೆ ಕೊಯ್ದರೆ ಹಾಳೆಗಳು ಕಡೆಯವರೆಗೂ ಜಾರದೆ ನಿಲ್ಲುತ್ತವೆ.