ಮೊದಲ ಭೇಟಿಗೆ ಮಾತು ಬರೆದಿಟ್ಟುಕೊಳ್ಳಬಹುದೇ?

ಪ್ರಶ್ನೆ: ಹುಡುಗಿಯನ್ನು ಮೊದಲ ಸಲ ಭೇಟಿಯಾಗುವ ಮುನ್ನ ಮಾತಿನ ವಿಷಯಗಳನ್ನು ಮೊಬೈಲಿನಲ್ಲಿ ಬರೆದಿಟ್ಟುಕೊಂಡರೆ ಪ್ರಯೋಜನವಿದೆಯೇ?
– ಓದುಗ, ವಾಗ್ಳೆ ಎಸ್ಟೇಟ್, ಠಾಣೆ

ಉತ್ತರ: ಖಂಡಿತ ಇದೆ. ಅಮೆರಿಕದ ಮನೋವಿಜ್ಞಾನಿ ಆರ್ಥರ್ ಆರನ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಪರಿಚಿತ ಜೋಡಿಗಳಿಗೆ 36 ಪ್ರಶ್ನೆಗಳನ್ನು ಕೊಟ್ಟಿದ್ದರು. ಹನ್ನೆರಡರಂತೆ ಮೂರು ಕಂತು, ಒಟ್ಟು 45 ನಿಮಿಷ. ಆರಂಭದಲ್ಲಿ ಯಾರನ್ನು ಊಟಕ್ಕೆ ಕರೆಯಲು ಇಷ್ಟ ಎಂಬಂಥ ಹಗುರ ಪ್ರಶ್ನೆ. ಕೊನೆಯ ಕಂತಿನಲ್ಲಿ ಇನ್ನೊಬ್ಬರ ಮುಂದೆ ಅತ್ತದ್ದು ಯಾವಾಗ ಎಂಬಷ್ಟು ಆಳದ್ದು. ಬರೀ ಲೋಕಾಭಿರಾಮ ಮಾತಾಡಿದ ಜೋಡಿಗಳಿಗಿಂತ ಇವರಲ್ಲಿ ಆಪ್ತಭಾವ ಹೆಚ್ಚಿತ್ತು. ಇಬ್ಬರೂ ಹಂತಹಂತವಾಗಿ, ಸಮನಾಗಿ ತೆರೆದುಕೊಂಡದ್ದೇ ಇದರ ಗುಟ್ಟು.

ಆದರೆ ಪಟ್ಟಿಯನ್ನು ಸಂದರ್ಶನದಂತೆ ಓದಬಾರದು.

ಹಾರ್ವರ್ಡ್ ಸಂಶೋಧಕರು 2017ರಲ್ಲಿ ಸ್ಪೀಡ್ ಡೇಟಿಂಗ್ ಸಂಭಾಷಣೆಗಳನ್ನು ಪರಿಶೀಲಿಸಿದಾಗ, ಎದುರಿನವರ ಉತ್ತರಕ್ಕೇ ಮರುಪ್ರಶ್ನೆ ಹಾಕಿದವರಿಗೆ ಎರಡನೇ ಭೇಟಿಯ ಒಪ್ಪಿಗೆ ಹೆಚ್ಚಾಗಿ ಸಿಕ್ಕಿದ್ದು ಕಂಡುಬಂತು. ವಾಗ್ಳೆ ಎಸ್ಟೇಟ್‌ನಲ್ಲಿ ಇದಕ್ಕೆ ಒಳ್ಳೆಯ ಅವಕಾಶವಿದೆ. 1962ರಲ್ಲಿ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ (ಎಂಐಡಿಸಿ) ಶುರುವಾದದ್ದೇ ಇಲ್ಲಿ. ಕಾರ್ಖಾನೆ ಕೆಲಸಕ್ಕೆಂದು ಬಂದು ನೆಲೆಸಿದ ಕುಟುಂಬಗಳು ಬಹಳ. "ನಿಮ್ಮ ಮನೆಯವರು ಠಾಣೆಗೆ ಬಂದದ್ದು ಹೇಗೆ?" ಎಂದು ಕೇಳಿ. "ಅಜ್ಜ ಲೇತ್ ಮಷೀನ್ ಮೇಲಿದ್ದರು" ಎಂದರೆ ಪಟ್ಟಿಯ ಮುಂದಿನ ಪ್ರಶ್ನೆಗೆ ಹಾರದೆ, "ಊರಿನಿಂದ ಒಬ್ಬರೇ ಬಂದಿದ್ದರೇ?" ಎನ್ನಿ. ನಿಮ್ಮ ಮನೆಯ ಕಥೆಯನ್ನೂ ಹೇಳಿ.

ನಾಲ್ಕೈದು ವಿಷಯ ಸಾಕು. ಹೊರಡುವ ಮುಂಚೆ ಒಮ್ಮೆ ಓದಿ, ಮೊಬೈಲ್ ಜೇಬಿಗಿಳಿಸಿ. ಮನೆಗೆ ಬಂದ ಮೇಲೆ ಆಕೆ ಹೇಳಿದ ಪರೀಕ್ಷೆಯ ದಿನ, ತಿನ್ನದ ಪದಾರ್ಥದಂಥ ಸಂಗತಿಗಳನ್ನು ಗುರುತಿಟ್ಟುಕೊಳ್ಳಿ. ನಂಬಿ ಹೇಳಿದ ಮನೆಯ ಗುಟ್ಟುಗಳನ್ನು ಮಾತ್ರ ಎಲ್ಲೂ ಬರೆಯಬೇಡಿ.